"ನೆಟ್ ಬರವಲ್ದು" ಅಂದ್ರೆ ಕೆಟ್ಟಿರೋದು ಎಲ್ಲಿ?

ಗಂಗಾವತಿ ಸುತ್ತಮುತ್ತ ಮನೆಗಳಿಗೆ, ರೈಸ್ ಮಿಲ್‌ಗಳಿಗೆ ಫೈಬರ್ ನೆಟ್, ಅಂದರೆ ಗಾಜಿನ ಎಳೆಯಲ್ಲಿ ಬೆಳಕಾಗಿ ಬರುವ ಇಂಟರ್ನೆಟ್, ಎಳೆಯೋದು ನನ್ನ ಕೆಲಸ. ಫೋನ್ ಬಂದರೆ ಬಹುತೇಕ ಒಂದೇ ಮಾತು: "ಅಣ್ಣಾ, ನೆಟ್ ಬರವಲ್ದು." ಆದರೆ ಕೆಡಬಹುದಾದ ಜಾಗ ಹಲವು. ಓಎಲ್‌ಟಿ, ಓಎನ್‌ಯು, ಡಿಎನ್‌ಎಸ್ ಅಂತ ಇರೋ ಈ ಅಕ್ಷರಗಳನ್ನೆಲ್ಲ ನಾನು ಕಲಿತದ್ದು ಬೆಳಕು ಬರುವ ದಾರಿ ಹಿಡಿದು. ಯಾವುದು ಎಲ್ಲಿ ಕೂತಿದೆ ಅಂತ ಗೊತ್ತಾದರೆ ಎಷ್ಟೋ ರಿಪೇರಿ ಫೋನಲ್ಲೇ ಮುಗಿಯುತ್ತದೆ.

ದಾರಿ ಶುರುವಾಗೋದು ಓಎಲ್‌ಟಿಯಿಂದ, ಅಂದರೆ ಆಪ್ಟಿಕಲ್ ಲೈನ್ ಟರ್ಮಿನಲ್. ಇದು ನೆಟ್ ಕೊಡುವ ಕಂಪನಿಯ ರೂಮಿನಲ್ಲಿರುತ್ತದೆ, ಬೆಳಕು ಕಳಿಸೋದು ಇದೇ. ನಿಮ್ಮ ಗೋಡೆಯ ಮೇಲಿನ ಡಬ್ಬಿ ಓಎನ್‌ಯು, ಆಪ್ಟಿಕಲ್ ನೆಟ್‌ವರ್ಕ್ ಯೂನಿಟ್. ಎಲ್ಲರೂ ಮೋಡೆಮ್ ಅಂತಾರೆ, ನಾನೂ ಹಾಗೇ ಅಂತೀನಿ. ಅದರಲ್ಲಿ ಎರಡು ಲೈಟ್ ಮುಖ್ಯ. ಪಾನ್ (ಪ್ಯಾಸಿವ್ ಆಪ್ಟಿಕಲ್ ನೆಟ್‌ವರ್ಕ್) ಅನ್ನೋದು ಹಸಿರಾಗಿ ನಿಂತಿದ್ದರೆ ಓಎಲ್‌ಟಿ ಜೊತೆ ಸಂಪರ್ಕ ಸರಿ ಇದೆ. ಎಲ್‌ಓಎಸ್, ಅಂದರೆ ಲಾಸ್ ಆಫ್ ಸಿಗ್ನಲ್, ಕೆಂಪಗೆ ಮಿಣುಕುತ್ತಿದ್ದರೆ ಬೆಳಕೇ ಬರುತ್ತಿಲ್ಲ. ಆಗ ಮೋಡೆಮ್ ಆಫ್ ಮಾಡಿ ಆನ್ ಮಾಡಿದರೆ ಸಾಮಾನ್ಯವಾಗಿ ಉಪಯೋಗವಿಲ್ಲ. ಕೊಯ್ಲಿನ ಕಾಲದಲ್ಲಿ ಇದು ಜಾಸ್ತಿ. ಭತ್ತದ ಹುಲ್ಲು ಎತ್ತರಕ್ಕೆ ಹೇರಿಕೊಂಡ ಟ್ರ್ಯಾಕ್ಟರ್ ಕಂಬದಿಂದ ಕಂಬಕ್ಕೆ ಎಳೆದ ಕೇಬಲ್ಲನ್ನು ಹರಿದುಕೊಂಡೇ ಹೋಗುತ್ತದೆ.

ಕೇಬಲ್ ಪೂರ್ತಿ ಹರಿದರೆ ಸುಲಭ, ಕಣ್ಣಿಗೆ ಕಾಣುತ್ತದೆ. ಕಾಡೋದು ಬೆಳಕು ಕಡಿಮೆಯಾದಾಗ. ಅದಕ್ಕೆ ಬೆಳಕು ಅಳೆಯುವ ಪವರ್ ಮೀಟರ್ ಬೇಕು. ಮೀಟರ್ ತೋರಿಸೋದು ಡಿಬಿಎಂ ಲೆಕ್ಕ. ಸೊನ್ನೆ ಡಿಬಿಎಂ ಅಂದರೆ ಒಂದು ಮಿಲಿವ್ಯಾಟ್. ಅದಕ್ಕಿಂತ ಕಡಿಮೆ ಇದ್ದರೆ ಮೈನಸ್. ಪ್ರತಿ 3 ಇಳಿದರೆ ಬೆಳಕು ಅರ್ಧಕ್ಕೆ ಬಂತು ಅಂತ ತಿಳಿಯಿರಿ. ಓಎಲ್‌ಟಿಯಿಂದ ಪ್ಲಸ್ 3 ಹೊರಟಿತು ಅಂತ ಇಟ್ಟುಕೊಳ್ಳೋಣ. ದಾರಿಯಲ್ಲಿ ಒಂದು ಫೈಬರನ್ನು ಎಂಟು ಮಾಡುವ ಸ್ಪ್ಲಿಟರ್ ಸುಮಾರು 10 ಡಿಬಿ, ಅಂದರೆ ಮೀಟರ್ ಲೆಕ್ಕದಲ್ಲಿ 10 ಅಂಕ, ತಿನ್ನುತ್ತದೆ. ಓಣಿಯಲ್ಲಿ ಇನ್ನೊಂದು ಎಂಟರದ್ದು ಇದ್ದರೆ ಮತ್ತೆ 10. ಮೈನಸ್ 17 ಆಯಿತು. ಫೈಬರ್ ಉದ್ದ, ಜೋಡಣೆ, ಕನೆಕ್ಟರ್ ಎಲ್ಲ ಸೇರಿ ಮನೆಗೆ ಮೈನಸ್ 20ರ ಆಸುಪಾಸು ಬಂದರೆ ನನಗೆ ನೆಮ್ಮದಿ. ಮೈನಸ್ 27 ಹತ್ತಿರ ಹೋದರೆ ಬೆಳಿಗ್ಗೆ ಬರುತ್ತದೆ, ಮಧ್ಯಾಹ್ನ ಹೋಗುತ್ತದೆ. ಇಂಥ ಕಡೆ ನಾನು ಮೊದಲು ನೋಡೋದು ಬಾಗಿಲ ಚೌಕಟ್ಟು. ಅಂದವಾಗಿ ಕಾಣಲಿ ಅಂತ ಯಾರೋ ವೈರನ್ನು ಮೂಲೆಗೆ ಒತ್ತಿ ಮೊಳೆ ಹೊಡೆದಿರುತ್ತಾರೆ. ಚೂಪಾಗಿ ಬಾಗಿದ ಕಡೆ ಬೆಳಕು ಸೋರುತ್ತದೆ. ಮೊಳೆ ಕಿತ್ತು ವೈರ್ ಸಡಿಲ ಬಿಟ್ಟ ಕೂಡಲೇ ಮೀಟರ್ ಮೇಲೇರೋದನ್ನು ಮನೆಯವರಿಗೇ ತೋರಿಸುತ್ತೇನೆ. ಆಮೇಲೆ ಕನೆಕ್ಟರ್ ತುದಿ. ಗಾಜಿನ ಎಳೆಯ ನಡುವೆ ಬೆಳಕು ಹರಿಯುವ ಜಾಗ ಸುಮಾರು 9 ಮೈಕ್ರಾನ್, ಅಂದರೆ ಒಂದು ಮಿಲಿಮೀಟರಿನ ನೂರನೇ ಭಾಗಕ್ಕಿಂತ ಸಣ್ಣದು. ಮಿಲ್ಲಿನ ಹೊಟ್ಟಿನ ಧೂಳು ಕೂತರೆ ಮುಗೀತು. ಸ್ಪಿರಿಟ್ ಹಚ್ಚಿದ ಟಿಶ್ಯೂನಲ್ಲಿ ಒರೆಸಬೇಕು, ಅಂಗಿ ತುದಿಯಲ್ಲಲ್ಲ. ಆ ತುದಿಯನ್ನು ಕಣ್ಣಿಗೆ ಹಿಡಿದು ನೋಡೋಕಂತೂ ಹೋಗಬೇಡಿ. ಆ ಬೆಳಕು ಕಣ್ಣಿಗೆ ಕಾಣೋದಿಲ್ಲ, ಆದರೆ ಇರುತ್ತದೆ.

ಪಾನ್ ಹಸಿರಿದೆ, ಮೀಟರ್ ಸರಿ ಇದೆ, ಆದರೂ ಮೊಬೈಲಲ್ಲಿ ನಿಧಾನ ಅಂದರೆ ಅದು ವೈಫೈ ತಂಟೆ. 2.4 ಗಿಗಾಹರ್ಟ್ಸ್ ದೂರ ಹೋಗುತ್ತದೆ, ವೇಗ ಕಡಿಮೆ. 5 ಗಿಗಾಹರ್ಟ್ಸ್ ವೇಗ ಜಾಸ್ತಿ, ಗೋಡೆ ದಾಟೋಕೆ ಒದ್ದಾಡುತ್ತದೆ. ನಮ್ಮ ಕಡೆಯ ಹಳೇ ಕಲ್ಲಿನ ಗೋಡೆ, ಮಿಲ್ಲಿನ ತಗಡಿನ ಶೀಟು ಇವೆರಡಕ್ಕೂ ಶತ್ರು. ಒಳಗಿನ ಕೋಣೆಗೆ ಒಂದು ಲ್ಯಾನ್ ಕೇಬಲ್ ಎಳೆದು ಇನ್ನೊಂದು ರೂಟರ್ ಇಡೋದೇ ವಾಸಿ. ಬಂದ ವೈಫೈಯನ್ನೇ ಹಿಡಿದು ಮುಂದಕ್ಕೆ ಬಿಡುವ ಅಗ್ಗದ ರಿಪೀಟರ್ ಹಾಕಿ ಅಂತ ನಾನು ಯಾರಿಗೂ ಹೇಳಲ್ಲ.

ಡಿಎನ್‌ಎಸ್ ಅಂದರೆ ಡೊಮೇನ್ ನೇಮ್ ಸಿಸ್ಟಂ. ವೆಬ್‌ಸೈಟಿನ ಹೆಸರು ಕೊಟ್ಟರೆ ಅದರ ಐಪಿ ನಂಬರ್, ಅಂದರೆ ನೆಟ್ಟಿನಲ್ಲಿ ಅದರ ವಿಳಾಸ, ಹುಡುಕಿ ಕೊಡುತ್ತದೆ. 8.8.8.8 ಅನ್ನೋ ಗೂಗಲ್ ಐಪಿಗೆ ಪಿಂಗ್ (ಉತ್ತರ ಬರುತ್ತಾ ಅಂತ ನೋಡೋ ಪರೀಕ್ಷೆ) ಹೋಗುತ್ತಿದೆ, ಸೈಟ್ ಮಾತ್ರ ತೆರೆಯಲ್ಲ ಅಂದರೆ ನನ್ನ ಅನುಮಾನ ಮೊದಲು ಇದರ ಮೇಲೇ. ರೂಟರಲ್ಲಿ ಬೇರೆ ಡಿಎನ್‌ಎಸ್ ಹಾಕಿ ನೋಡಿದರೆ ಗೊತ್ತಾಗುತ್ತದೆ.

ಸ್ಪೀಡಿನ ಜಗಳವೂ ಇದೆ. 100 ಎಂಬಿಪಿಎಸ್ ಪ್ಲಾನ್, ಡೌನ್‌ಲೋಡ್ 12 ಎಂಬಿ ಅಂತ ತೋರಿಸುತ್ತೆ, ಮೋಸ ಅಲ್ವಾ ಅಂತಾರೆ. ಅಲ್ಲ. ಪ್ಲಾನ್ ಬಿಟ್ ಲೆಕ್ಕದ್ದು, ಡೌನ್‌ಲೋಡ್ ಬೈಟ್ ಲೆಕ್ಕದ್ದು. ಎಂಟು ಬಿಟ್ ಸೇರಿದರೆ ಒಂದು ಬೈಟ್, ಹಾಗಾಗಿ ಎಂಟರಿಂದ ಭಾಗಿಸಿ.

ಈಚೆಗೆ ಒಬ್ಬ ಮಿಲ್ ಮಾಲೀಕರು ಗೋದಾಮಿನ ಸಿಸಿಟಿವಿ ಊರಲ್ಲಿ ಕೂತು ಮೊಬೈಲಲ್ಲಿ ನೋಡಬೇಕು ಅಂದರು. ಕ್ಯಾಮೆರಾ ಹಾಕಿದ ಹುಡುಗ ಪೋರ್ಟ್ ಫಾರ್ವರ್ಡಿಂಗ್, ಅಂದರೆ ಹೊರಗಿಂದ ಕ್ಯಾಮೆರಾ ತಲುಪೋಕೆ ರೂಟರಲ್ಲಿ ಬಾಗಿಲು ತೆರೆಯೋದು, ಮಾಡಿದ್ದ; ಆದರೂ ಹೊರಗಿಂದ ಕಾಣುತ್ತಿರಲಿಲ್ಲ. ರೂಟರ್ ಪೇಜ್ ತೆರೆದು ವ್ಯಾನ್ ಐಪಿ, ಅಂದರೆ ಕಂಪನಿ ಆ ರೂಟರಿಗೆ ಕೊಟ್ಟ ಐಪಿ, ನೋಡಿದೆ. 100.72 ಅಂತ ಶುರು. 100.64ರಿಂದ 100.127ರವರೆಗಿನ ನಂಬರ್ ಇದ್ದರೆ ಅದು ಸಿಜಿ-ನ್ಯಾಟ್. ಐಪಿವಿ4 ಅನ್ನೋ ಹಳೇ ಐಪಿ ಪದ್ಧತಿಯಲ್ಲಿ ಇರೋದೇ ಸುಮಾರು 430 ಕೋಟಿ ನಂಬರ್. ಅವು ಸಾಲೋದಿಲ್ಲ ಅಂತ ಕಂಪನಿ ಹೊರಗೆ ಕಾಣುವ ಒಂದೇ ಪಬ್ಲಿಕ್ ಐಪಿಯನ್ನು ಹಲವು ಗ್ರಾಹಕರಿಗೆ ಹಂಚುತ್ತದೆ, ಅದೇ ಸಿಜಿ-ನ್ಯಾಟ್. ಒಳಗಿಂದ ಹೊರಗೆ ಹೋಗಬಹುದು, ಹೊರಗಿಂದ ನೇರ ಒಳಗೆ ಬರೋಕೆ ದಾರಿ ಇಲ್ಲ.

"ಹಂಗಾರ ಏನ್ ಮಾಡೋದ್ರಿ?" ಅಂದರು. ಎರಡು ದಾರಿ ಹೇಳಿದೆ: ದುಡ್ಡು ಕಟ್ಟಿ ಸ್ಟ್ಯಾಟಿಕ್ ಐಪಿ, ಅಂದರೆ ಬದಲಾಗದ ಸ್ವಂತ ಪಬ್ಲಿಕ್ ಐಪಿ, ತಗೊಳ್ಳೋದು, ಇಲ್ಲ ಡಿವಿಆರ್ (ಕ್ಯಾಮೆರಾ ರೆಕಾರ್ಡ್ ಮಾಡುವ ಡಬ್ಬಿ) ಕಂಪನಿಯದೇ ಆ್ಯಪ್ ಬಳಸೋದು. ಆ್ಯಪ್ ಆದರೆ ಡಿವಿಆರ್ ತಾನೇ ಹೊರಗಿನ ಸರ್ವರಿಗೆ ಹೋಗಿ ಕಾದಿರುತ್ತದೆ, ಮೊಬೈಲ್ ಅಲ್ಲಿಗೆ ಬಂದು ಸೇರುತ್ತದೆ. ಅವರು ಎರಡನೇದೇ ಸಾಕು ಅಂದರು. ಕ್ಯೂಆರ್ ಸ್ಕ್ಯಾನ್ ಮಾಡಿದೆ, ಡಿವಿಆರ್ ಜೊತೆ ಬಂದಿದ್ದ ಪಾಸ್‌ವರ್ಡ್ ಬದಲಾಯಿಸಿದೆ, ಹುಡುಗ ತೆರೆದಿಟ್ಟಿದ್ದ ಪೋರ್ಟ್‌ಗಳನ್ನು ಮುಚ್ಚಿಸಿ ಬಂದೆ.