ಶೆಟ್ರ ಜೊತೆ ಕೂತು ಮಾತಾಡಿದ್ದು

2016ರ ಜನವರಿ 31ರ ರಾತ್ರಿ. ಬೆಂಗಳೂರಿನ ಹೆಸರಘಟ್ಟ ರಸ್ತೆ ಕಡೆ ಸುಡಾನಿನ ವಿದ್ಯಾರ್ಥಿಯೊಬ್ಬನ ಕಾರು ಬಡಿದು ಸ್ಥಳೀಯ ಮಹಿಳೆ ತೀರಿಕೊಂಡರು. ಸ್ವಲ್ಪ ಹೊತ್ತಿಗೆ ಅದೇ ದಾರಿಯಲ್ಲಿ ಬಂದ ತಾಂಜಾನಿಯಾದ ಹುಡುಗಿಯ ಮೇಲೆ ಗುಂಪು ಬಿತ್ತು. ಕಾರಿಗೆ ಬೆಂಕಿ ಇಟ್ಟರು. ಅಪಘಾತಕ್ಕೂ ಅವಳಿಗೂ ಸಂಬಂಧವೇ ಇರಲಿಲ್ಲ.

ಆಮೇಲೆ ನಮ್ಮ ಬಡಾವಣೆಯಲ್ಲೂ "ಆಫ್ರಿಕಾದವರಿಗೆ ಮನೆ ಕೊಡಬಾರದು" ಎಂಬ ಮಾತು ಶುರುವಾಯಿತು. ಎಲ್ಲರಿಗಿಂತ ಜೋರಾಗಿ ಹೇಳುತ್ತಿದ್ದವರು ಪಕ್ಕದ ಮನೆಯ ಶೆಟ್ರು. ಕುಂದಾಪುರ ಕಡೆಯವರು, ಎಪ್ಪತ್ತರ ಹತ್ತಿರದ ವಯಸ್ಸು.

ಅಂಗಡಿ ಮುಂದೆ ನಾನು ಈ ವಿಷಯ ಎತ್ತಲೇ ಇಲ್ಲ. ನಾಲ್ಕು ಜನ ನಿಂತಿರುವಾಗ ಆಡಿದ ಮಾತನ್ನು ಯಾರು ವಾಪಸ್ ತಗೋತಾರೆ? ಸಂಜೆ ಅವರ ಮನೆಗೇ ಹೋದೆ. ಅಮೆರಿಕದ ಕಪ್ಪು ಸಂಗೀತಗಾರ ಡ್ಯಾರಿಲ್ ಡೇವಿಸ್ ಬಗ್ಗೆ ಓದಿದ್ದೆ. ಅವರು ಕಪ್ಪು ಜನರನ್ನು ದ್ವೇಷಿಸುವ ಬಿಳಿಯರ ಸಂಘಟನೆಯಾದ ಕು ಕ್ಲಕ್ಸ್ ಕ್ಲಾನ್‌ನವರ ಎದುರೇ ಕೂತು ವರ್ಷಗಟ್ಟಲೆ ಮಾತಾಡಿದವರು. ಮೇರಿಲ್ಯಾಂಡಿನ ಕ್ಲಾನ್ ನಾಯಕ ರೋಜರ್ ಕೆಲ್ಲಿ ಕೊನೆಗೆ ಸಂಘಟನೆ ಬಿಟ್ಟು, ತಾನು ತೊಡುತ್ತಿದ್ದ ಕ್ಲಾನ್ ನಿಲುವಂಗಿಯನ್ನೇ ಡೇವಿಸ್‌ಗೆ ಕೊಟ್ಟ. ಅವರಿಗೆ ಅಷ್ಟು ಆಗಿದ್ದರೆ, ಪಕ್ಕದ ಮನೆಯವರ ಜೊತೆ ಮಾತಾಡಲು ನನಗೇನು ಕಷ್ಟ?

ಮೊದಲು ಸುಮ್ನೆ ಕೇಳಿಸಿಕೊಂಡೆ. ಗಲಾಟೆ, ಡ್ರಗ್ಸ್, ಕುಡಿತ, ಎಲ್ಲ ಬಂತು. ನಡುವೆ ಬಾಯಿ ಹಾಕಲಿಲ್ಲ. ಆಮೇಲೆ ಕೇಳಿದೆ, "ಶೆಟ್ರೇ, ನೀವು ಹುಡುಗರಾಗಿದ್ದಾಗ ಮುಂಬೈ ಹೋಟೆಲಿನಲ್ಲಿ ಇದ್ರಂತಲ್ಲ, ಅಲ್ಲಿ ನಿಮ್ಮನ್ನ ಹೇಗೆ ನೋಡ್ತಿದ್ರು?"

ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ ಹೇಳಿದರು, "'ಬಜಾವೋ ಪುಂಗಿ, ಹಟಾವೋ ಲುಂಗಿ' ಅಂತ ಕೂಗ್ತಾ ಬರ್ತಿದ್ರು ಮಾರಾಯ್ರೆ. ಶಟರ್ ಎಳ್ಕೊಂಡು ಒಳಗೆ ಕೂತಿರ್ತಿದ್ವು. ನಾವೇನು ಮಾಡಿದ್ವು ಅವ್ರಿಗೆ?" ಅರವತ್ತರ ದಶಕದ ಕೊನೆಯ ಮಾತದು, ದಕ್ಷಿಣದವರನ್ನು ಓಡಿಸಬೇಕೆಂದು ಶಿವಸೇನೆಯವರು ಕೂಗುತ್ತಿದ್ದ ಘೋಷಣೆ. ದಕ್ಷಿಣದವರೆಲ್ಲ ಅಲ್ಲಿ 'ಮದ್ರಾಸಿ'ಗಳು. ಕುಂದಾಪುರದ ಹುಡುಗನೂ ಮದ್ರಾಸಿಯೇ.

"ಆ ಹುಡುಗಿಗೂ ಹಾಗೇ ಆಯ್ತು, ಅಲ್ವಾ?" ಎಂದೆ. ಹೌದು ಅನ್ನಲಿಲ್ಲ, ಅಲ್ಲ ಅಂತಲೂ ಅನ್ನಲಿಲ್ಲ. ನಾನೂ ಒತ್ತಾಯ ಮಾಡದೆ ಎದ್ದು ಬಂದೆ. ಅಂಕಿ ಅಂಶ ಹಿಡಿದು ವಾದಕ್ಕೆ ನಿಂತಿದ್ದರೆ ಆ ನೆನಪು ಹೊರಗೆ ಬರುತ್ತಿರಲಿಲ್ಲ, ಇದು ನನ್ನ ಗಟ್ಟಿ ನಂಬಿಕೆ.

ಇದೇ ದಾರಿ ಎಲ್ಲರ ಹತ್ತಿರ ನಡೆಯಲಿಲ್ಲ. ಹಿಂದಿನ ಬೀದಿಯ ಯುವಕನೊಬ್ಬ ಇಂದಿಗೂ ನನ್ನನ್ನು ಕಂಡರೆ ಮುಖ ತಿರುಗಿಸುತ್ತಾನೆ.

ಮುಂದಿನ ವರ್ಷ ಶೆಟ್ರು ಮಹಡಿ ಮನೆಯನ್ನು ಕೀನ್ಯಾದ ಇಬ್ಬರು ವಿದ್ಯಾರ್ಥಿಗಳಿಗೆ ಕೊಡಲು ಒಪ್ಪಿದರು. ಆದರೆ ಬಾಡಿಗೆ ಬೇರೆಯವರಿಗಿಂತ ಜಾಸ್ತಿ ಹೇಳಿದರು. ಅದಕ್ಕಾಗಿ ಮತ್ತೆ ಹೋಗಿ ಕೂತೆ. ಕೊನೆಗೆ ಹಿಂದಿನ ಬಾಡಿಗೆದಾರ ಕೊಡುತ್ತಿದ್ದಷ್ಟಕ್ಕೇ ಕರಾರು ಬರೆಸಿದರು.