ಕಮೋಡ್ ಬುಡದಲ್ಲಿ ನೀರು ಜಿನುಗುತ್ತಿದೆಯೇ? ಫ್ಲ್ಯಾಂಜ್ ನೋಡಿ

ಕಮೋಡ್ ಬುಡದಲ್ಲಿ ನೀರು ಕಂಡ ತಕ್ಷಣ ಸುತ್ತ ಸಿಲಿಕೋನ್ ಬಳಿದು ಕೈತೊಳೆದುಕೊಳ್ಳುವವರೇ ಜಾಸ್ತಿ. ನಾನೂ ಎರಡು ಸಲ ಬಳಿದೆ. ನೀರು ನಿಲ್ಲಲಿಲ್ಲ, ಜೊತೆಗೆ ವಾಸನೆಯೂ ಶುರುವಾಯಿತು. ಕೊನೆಗೆ ಕಮೋಡನ್ನೇ ಎತ್ತಿ ನೋಡಿದರೆ, ಹಳೆ ನೆಲದ ಮೇಲೆ ಹೊಸ ಟೈಲ್ಸ್ ಹಾಕಿಸಿದ್ದೆವಲ್ಲ, ಫ್ಲ್ಯಾಂಜ್ ಆ ಟೈಲ್ಸ್‌ಗಿಂತ ಕೆಳಗೆ ಹೂತುಹೋಗಿತ್ತು.

ನೆಲದಿಂದ ಬರುವ ಪೈಪಿನ ಬಾಯಿಗೆ ಕೂರಿಸುವ ಅಗಲ ಅಂಚಿನ ಬಳೆಯೇ ಫ್ಲ್ಯಾಂಜ್. ಕಮೋಡನ್ನು ಪೈಪಿಗೆ ಜೋಡಿಸುವುದೂ ಅದೇ, ಅಲುಗದಂತೆ ಹಿಡಿಯುವುದೂ ಅದೇ.

ಕೊಳ್ಳುವ ಮೊದಲು ಪೈಪ್ ಯಾವುದು ಅಂತ ನೋಡಿ. ಪಿವಿಸಿ ಪೈಪಿಗೆ ಪಿವಿಸಿ ಫ್ಲ್ಯಾಂಜ್, ಎಬಿಎಸ್‌ಗೆ (ಇದು ಇನ್ನೊಂದು ಬಗೆಯ ಪ್ಲಾಸ್ಟಿಕ್) ಎಬಿಎಸ್. ಅಂಟೂ ಬೇರೆ ಬೇರೆ. ಆಮೇಲೆ ಅಳತೆ. ಪೈಪ್ ಸಾಮಾನ್ಯವಾಗಿ 3 ಅಥವಾ 4 ಇಂಚು. ಕೆಲವು ಫ್ಲ್ಯಾಂಜ್ 4 ಇಂಚಿನ ಪೈಪಿನ ಒಳಗೂ 3 ಇಂಚಿನದರ ಹೊರಗೂ ಕೂರುತ್ತವೆ. ಜಾಗವಿದ್ದರೆ ಹೊರಗೆ ಕೂರುವುದೇ ವಾಸಿ, ದಾರಿ ಕಿರಿದಾಗುವುದಿಲ್ಲ. ಅಂಚಿನ ರಿಂಗ್ ಸ್ಟೇನ್‌ಲೆಸ್ ಸ್ಟೀಲ್‌ನದ್ದಾಗಿದ್ದು, ತಿರುಗಿಸಲು ಬರುವಂತಿದ್ದರೆ ಎರಡು ಮಾತಿಲ್ಲದೆ ಅದನ್ನೇ ತನ್ನಿ. ಪ್ಲಾಸ್ಟಿಕ್ ಅಂಚು ಬೋಲ್ಟ್ ಬಿಗಿಯುವಾಗಲೇ ಮುರಿಯಬಹುದು.

ಇನ್ನು ಎತ್ತರ. ಎಲ್ಲ ಎಡವಟ್ಟೂ ಆಗುವುದು ಇಲ್ಲೇ. ಫ್ಲ್ಯಾಂಜಿನ ಅಂಚು ಟೈಲ್ಸ್ ಹಾಕಿ ಮುಗಿದ ನೆಲದ ಮೇಲೆ ಕೂರಬೇಕು. ಅಂದರೆ ಅದರ ಮೇಲ್ಭಾಗ ನೆಲಕ್ಕಿಂತ ಸುಮಾರು ಕಾಲು ಇಂಚು, 6 ಮಿಲಿಮೀಟರ್ ಮೇಲೆ ಇರುತ್ತದೆ. ತಗ್ಗಿದ್ದರೆ, ಫ್ಲ್ಯಾಂಜಿಗೂ ಕಮೋಡಿಗೂ ನಡುವೆ ನೀರು ಸೋರದಂತೆ ಇಡುವ ಮೇಣದ ರಿಂಗ್ ಕಮೋಡಿಗೆ ಸರಿಯಾಗಿ ಒತ್ತಿಕೊಳ್ಳುವುದಿಲ್ಲ, ತುಂಬ ಎತ್ತರವಿದ್ದರೆ ಕಮೋಡ್ ಅದರ ಮೇಲೇ ನಿಂತು ಗಡಗಡ ಅಲ್ಲಾಡುತ್ತದೆ. ತಗ್ಗಿದ್ದರೆ ಎಲ್ಲ ಕಿತ್ತುಹಾಕಬೇಕಿಲ್ಲ. ಎತ್ತರಿಸುವ ರಿಂಗ್ ಸಿಗುತ್ತದೆ, ಅದನ್ನು ಮೇಲಿಟ್ಟು ನಡುವೆ ಸಿಲಿಕೋನ್ ಹಾಕಿ ಬಿಗಿದರಾಯಿತು.

ಕೆಲಸಕ್ಕೆ ಇಳಿಯುವಾಗ ನೀರು ಬಂದ್ ಮಾಡಿ, ಫ್ಲಶ್ ಮಾಡಿ, ಉಳಿದ ನೀರನ್ನು ಸ್ಪಂಜಿನಿಂದ ತೆಗೆಯಿರಿ. ಕಮೋಡ್ ಎತ್ತಿದ ಕೂಡಲೇ ಪೈಪಿಗೆ ಹಳೆ ಬಟ್ಟೆ ತುರುಕಿ: ಗ್ಯಾಸೂ ಬರುವುದಿಲ್ಲ, ಸ್ಕ್ರೂ ಒಳಗೆ ಬೀಳುವುದೂ ಇಲ್ಲ. ಬಟ್ಟೆಯ ತುದಿ ಹೊರಗೆ ಕಾಣುವಂತಿರಲಿ, ಇಲ್ಲದಿದ್ದರೆ ಅದನ್ನು ಒಳಗೇ ಮರೆತು ಕಮೋಡ್ ಕೂರಿಸಿಬಿಡುತ್ತೀರಿ.

ಹಳೆ ಮೇಣ ಪೂರ್ತಿ ಕೆರೆದು ತೆಗೆಯಿರಿ. ಹೊಸ ಫ್ಲ್ಯಾಂಜನ್ನು ಮೊದಲು ಅಂಟಿಲ್ಲದೆ ಸುಮ್ನೆ ಇಟ್ಟು ನೋಡಿ. ಬೋಲ್ಟ್ ಕೂರುವ ಸೀಳುಗಳು ಪೈಪಿನ ಎಡಕ್ಕೊಂದು, ಬಲಕ್ಕೊಂದು ಬರಬೇಕು, ಹಿಂದಿನ ಗೋಡೆಗೆ ಸಮಾನಾಂತರವಾಗಿ. ಪೆನ್ಸಿಲ್ ಗುರುತು ಹಾಕಿ, ಬಟ್ಟೆ ಹೊರಗೆ ತೆಗೆದು, ಪಿವಿಸಿ ಆದರೆ ಮೊದಲು ಪ್ರೈಮರ್ (ಅಂಟಿಗೆ ಮುಂಚೆ ಹಚ್ಚುವ ದ್ರವ), ಆಮೇಲೆ ಅಂಟು ಬಳಿದು, ಸ್ವಲ್ಪ ತಿರುಗಿಸುತ್ತಾ ಒತ್ತಿ ಅರ್ಧ ನಿಮಿಷ ಹಿಡಿದುಕೊಳ್ಳಿ. ಅಂಟು ಬಲು ಬೇಗ ಹಿಡಿಯುತ್ತದೆ, ಆಮೇಲೆ ತಿದ್ದಲು ಆಗುವುದಿಲ್ಲ. ನಂತರ ತುಕ್ಕು ಹಿಡಿಯದ ಸ್ಕ್ರೂಗಳಿಂದ ನೆಲಕ್ಕೆ ಭದ್ರ ಮಾಡಿ. ಕಾಂಕ್ರೀಟ್ ಆದರೆ ಡ್ರಿಲ್ ಮಾಡಿ, ಸ್ಕ್ರೂ ಹಿಡಿದುಕೊಳ್ಳುವ ಆಂಕರ್ ಹಾಕಲೇಬೇಕು.

ಬೋಲ್ಟ್ ನಿಲ್ಲಿಸಿ, ಹೊಸ ಮೇಣದ ರಿಂಗ್ ಇಟ್ಟು, ಕಮೋಡನ್ನು ನೇರವಾಗಿ ಇಳಿಸಿ. ಇಬ್ಬರಿದ್ದರೆ ಒಳ್ಳೆಯದು. ಇಳಿಸಿದ ಮೇಲೆ ಮತ್ತೆ ಎತ್ತಿದರೆ ಆ ರಿಂಗ್ ಹೋಯಿತು ಅಂತಲೇ ಲೆಕ್ಕ, ಹೊಸದು ತರಬೇಕು. ಹಾಗಾಗಿ ನಾನಂತೂ ಎರಡು ತಂದಿಟ್ಟುಕೊಳ್ಳುತ್ತೇನೆ. ಮೇಲೆ ಕೂತು ಭಾರ ಹಾಕಿ, ನಟ್‌ಗಳನ್ನು ಅತ್ತ ಸ್ವಲ್ಪ ಇತ್ತ ಸ್ವಲ್ಪ ಬಿಗಿಯಿರಿ. ಶಕ್ತಿ ತೋರಿಸಲು ಹೋದರೆ ಪಿಂಗಾಣಿ ಬಿರುಕು ಬಿಡುತ್ತದೆ.

ನಾಲ್ಕೈದು ಸಲ ಫ್ಲಶ್ ಮಾಡಿ, ಬುಡದ ಸುತ್ತ ಒಣ ಕಾಗದ ಒತ್ತಿ ನೋಡಿ. ಒದ್ದೆಯಾಗದಿದ್ದರೆ ಸಿಲಿಕೋನ್ ಹಾಕಬಹುದು, ಆದರೆ ಹಿಂಭಾಗದಲ್ಲಿ ಸ್ವಲ್ಪ ಜಾಗ ಬಿಡಿ. ಮುಂದೆ ಎಂದಾದರೂ ಸೋರಿದರೆ ನೀರು ಅಲ್ಲಿಂದ ಹೊರಗೆ ಬಂದು ಕಣ್ಣಿಗೆ ಬೀಳುತ್ತದೆ, ಒಳಗೊಳಗೇ ನಿಲ್ಲುವುದಿಲ್ಲ.