ಮಾತ್ರೆ ‘ಸ್ಟಾಕ್ ಇಲ್ಲ’ ಅಂದರೆ ಏನು ಮಾಡಬೇಕು?

ಶುಗರ್, ಬಿಪಿ, ಥೈರಾಯ್ಡ್, ಫಿಟ್ಸ್. ಇವಕ್ಕೆಲ್ಲ ದಿನವೂ ಔಷಧಿ ಬೇಕು. ಮೆಡಿಕಲ್ ಶಾಪ್‌ನವರು ‘ಆ ಕಂಪನಿದು ಬರ್ತಾ ಇಲ್ಲ’ ಅಂದ ಕೂಡಲೇ ನಮ್ಮ ಜನ ಮಾತ್ರೆಯನ್ನೇ ಬಿಡುತ್ತಾರೆ, ಇಲ್ಲವೇ ಕೊಟ್ಟದ್ದನ್ನು ಸುಮ್ನೆ ನುಂಗುತ್ತಾರೆ. ಎರಡೂ ಬೇಡ.

ಅಂಗಡಿಯವರ ಜೊತೆ ಜಗಳವೂ ಬೇಡ. ಮಾತ್ರೆಯ ಕಚ್ಚಾ ವಸ್ತುವಿಗೆ ನಮ್ಮ ಕಂಪನಿಗಳು ಚೀನಾವನ್ನು ಜಾಸ್ತಿ ನಂಬಿವೆ, ಅಲ್ಲಿ ತಡವಾದರೆ ಇಲ್ಲೂ ತಡ. 2024ರಲ್ಲಿ ಟಿಬಿ ಮಾತ್ರೆಗೇ ಅಭಾವವಾಗಿ, ‘ನೀವೇ ಸ್ಥಳೀಯವಾಗಿ ಕೊಂಡುಕೊಳ್ಳಿ’ ಎಂದು ಕೇಂದ್ರ ರಾಜ್ಯಗಳಿಗೆ ಹೇಳಬೇಕಾಯಿತು.

ಮೊದಲು: ಹತ್ತು ದಿನದ ಮಾತ್ರೆ ಉಳಿದಿರುವಾಗಲೇ ಅಂಗಡಿಗೆ ಹೋಗಿ. ಜಗಳೂರಿನಿಂದಲೋ ಚನ್ನಗಿರಿಯಿಂದಲೋ ದಾವಣಗೆರೆಗೆ ಬರುವವರು ಇನ್ನೂ ಮುಂಚೆ.

ಆಮೇಲೆ: ಸ್ಟ್ರಿಪ್ ತುಂಬಿರುವಾಗಲೇ ಎರಡೂ ಬದಿಯ ಫೋಟೊ ತೆಗೆದಿಟ್ಟುಕೊಳ್ಳಿ. ಕತ್ತರಿಸಿದ ತುಂಡಿನಲ್ಲಿ ಹೆಸರಿದ್ದರೆ ತಾರೀಖು ಇರುವುದಿಲ್ಲ, ತಾರೀಖು ಇದ್ದರೆ ಹೆಸರಿಲ್ಲ. ‘ಬಿಳಿ ಗುಳಿಗೆ, ಸಣ್ಣದು’ ಅಂದರೆ ಯಾರು ಏನು ಕೊಟ್ಟಾರು?

ಈಗ ಕಷ್ಟದ ಕೆಲಸ, ಬದಲಿ ಔಷಧಿ. ವೈದ್ಯರು ಬರೆದದ್ದನ್ನು ಬಿಟ್ಟು ಬೇರೆ ಕೊಡಲು ಅಂಗಡಿಯವರಿಗೆ ಕಾನೂನಿನ ಒಪ್ಪಿಗೆ ಇಲ್ಲ. ಆದ್ದರಿಂದ ಬದಲಿಯ ಫೋಟೊವನ್ನು ವೈದ್ಯರಿಗೆ ಕಳಿಸಿ ಕೇಳಿ. ಅದಕ್ಕೂ ಮುಂಚೆ ನೀವೇ ಮೂರು ಸಂಗತಿ ನೋಡಬಹುದು.

ಒಂದು, ಕಂಪನಿ ಇಟ್ಟ ಹೆಸರಲ್ಲ, ಒಳಗಿರುವ ಔಷಧದ ಹೆಸರು. ಎರಡು, ಪ್ರಮಾಣ. ಥೈರಾಯ್ಡ್‌ನ 50 ಮೈಕ್ರೋಗ್ರಾಂ ಇಲ್ಲದಿದ್ದರೆ 25ರದ್ದು ಎರಡು ಆಗುತ್ತದೆಯೇ ಎಂದು ಕೇಳಿ. ಕಂಪನಿ ಬದಲಾದರೆ ಆರು ವಾರದ ಆಸುಪಾಸಿನಲ್ಲಿ ಟಿಎಸ್‌ಎಚ್ ಎಂಬ ಥೈರಾಯ್ಡ್ ರಕ್ತಪರೀಕ್ಷೆ ಮಾಡಿಸುವುದು ಒಳ್ಳೆಯದು. ಮೂರು, ಹೆಸರಿನ ಬಾಲದಲ್ಲಿರುವ ಎಸ್‌ಆರ್, ಎಕ್ಸ್‌ಆರ್ ಎಂಬ ಅಕ್ಷರಗಳು. ಅಂಥ ಮಾತ್ರೆ ನಿಧಾನವಾಗಿ ಕರಗುವಂಥದ್ದು. ಶುಗರ್‌ನ ಮೆಟ್‌ಫಾರ್ಮಿನ್ ಮಾತ್ರೆ ಎಸ್‌ಆರ್ ಬರೆದಿದ್ದರೆ ಸಾದಾ ಮೆಟ್‌ಫಾರ್ಮಿನ್ ಅದಕ್ಕೆ ಸಮ ಅಲ್ಲ. ವೈದ್ಯರು ಹೇಳದೆ ಮುರಿಯಲೂಬಾರದು.

ಇನ್ಸುಲಿನ್‌ನಲ್ಲಂತೂ ಎಡವುವವರೇ ಜಾಸ್ತಿ. ಮಾಮೂಲಿ ಬಾಟಲಿಯಲ್ಲಿ ಒಂದು ಎಂಎಲ್‌ಗೆ 40 ಯೂನಿಟ್, ಅದಕ್ಕೆ ಕೆಂಪು ಮುಚ್ಚಳದ ಸಿರಿಂಜು. ಇನ್ಸುಲಿನ್ ಪೆನ್ನಿನ ಕಾರ್ಟ್ರಿಜ್‌ನಲ್ಲಿ ಒಂದು ಎಂಎಲ್‌ಗೆ 100 ಯೂನಿಟ್. 100ರ ಬಾಟಲಿಯೂ ಸಿಗುತ್ತದೆ, ಅದರ ಸಿರಿಂಜಿನ ಮುಚ್ಚಳ ಕಿತ್ತಳೆ ಬಣ್ಣದ್ದು. ‘40ರದ್ದು ಇಲ್ಲ, ಇದು ತಗೊಳ್ಳಿ’ ಎಂದು 100ರದ್ದು ಮನೆಗೆ ಬರುತ್ತದೆ. ಸಿರಿಂಜು ಹಳೆಯದೇ. 20ರ ಗೆರೆಯ ತನಕ ಎಳೆದು ಚುಚ್ಚಿಕೊಂಡರೆ ಒಳಗೆ ಹೋಗುವುದು 20 ಅಲ್ಲ, 50 ಯೂನಿಟ್! ಶುಗರ್ ಕುಸಿದು ಪ್ರಜ್ಞೆ ತಪ್ಪಬಹುದು. ಅದಲುಬದಲಾಗಿ 40ರ ಇನ್ಸುಲಿನ್ನನ್ನು 100ರ ಸಿರಿಂಜಿನಲ್ಲಿ 20ರ ಗೆರೆಗೆ ಎಳೆದರೆ ಬರೀ 8 ಯೂನಿಟ್. ಬಾಟಲಿ ಬದಲಾದರೆ ಸಿರಿಂಜೂ ಬದಲಾಗಲೇಬೇಕು. ಪೆನ್ನಿನ ಕಾರ್ಟ್ರಿಜ್‌ನಿಂದ ಸಿರಿಂಜಿಗೆ ಎಳೆಯುವ ಉಳಿತಾಯ ಬೇಡವೇ ಬೇಡ.

ಇನ್ನೊಂದು ಎಡವಟ್ಟು. ಹೊಸ ಕಂಪನಿಯ ಮಾತ್ರೆ ಬಂತು, ಆಮೇಲೆ ಹಳೆಯದೂ ಸಿಕ್ಕಿತು, ಅಜ್ಜಿ ಎರಡನ್ನೂ ನುಂಗುತ್ತಾರೆ. ಹಳೆಯ ಸ್ಟ್ರಿಪ್ ಅವರ ಡಬ್ಬಿಯಿಂದ ತೆಗೆದಿಡಿ.

ಎಲ್ಲಿ ಹುಡುಕುವುದು? ನನ್ನನ್ನು ಕೇಳಿದರೆ ಮೊದಲು ಜನೌಷಧಿ ಕೇಂದ್ರ. ಹತ್ತಿರದ್ದು ಎಲ್ಲಿದೆ ಎಂದು ‘ಜನೌಷಧಿ ಸುಗಮ್’ ಆ್ಯಪ್ ತೋರಿಸುತ್ತದೆ. ಅಲ್ಲಿಲ್ಲದಿದ್ದರೆ ದೊಡ್ಡ ಆಸ್ಪತ್ರೆಗಳ ಎದುರಿನ ಅಂಗಡಿಗಳು. ಹೋಗುವ ಮುಂಚೆ ಫೋನ್ ಮಾಡಿ. ಸಿಕ್ಕಿತೆಂದು ಆರು ತಿಂಗಳದ್ದು ಕಟ್ಟಿಕೊಂಡು ಬರಬೇಡಿ, ಹಿಂದೆ ನಿಂತವರಿಗೂ ಬೇಕಲ್ವಾ? ‘ಇನ್ಸುಲಿನ್ ಬಿಡಿಸುವ ಪುಡಿ’ ಎಂದು ಮೊಬೈಲ್‌ನಲ್ಲಿ ಜಾಹೀರಾತು ಬರುತ್ತದೆ. ಅದಕ್ಕೆ ದುಡ್ಡು ಸುರಿಯಬೇಡಿ.

ಫಿಟ್ಸ್ ಮಾತ್ರೆ ಒಂದು ದಿನವೂ ತಪ್ಪಬಾರದು, ದಿಢೀರ್ ನಿಂತರೆ ಫಿಟ್ಸ್ ಮರುಕಳಿಸಬಹುದು. ಈ ಮಾತ್ರೆಯ ಕಂಪನಿ ಬದಲಿಸುವುದಕ್ಕೂ ವೈದ್ಯರು ಹೂಂ ಅನ್ನಬೇಕು. ಟಿಬಿ ಮಾತ್ರೆ ನಡುವೆ ನಿಂತರೆ ರೋಗ ಔಷಧಿಗೇ ಬಗ್ಗದಂತಾಗಬಹುದು. ಇವೆರಡು ಎಲ್ಲೂ ಸಿಗದಿದ್ದರೆ ಅಂಗಡಿ ಸುತ್ತುವುದು ಬಿಟ್ಟು ಅದೇ ದಿನ ಜಿಲ್ಲಾ ಆಸ್ಪತ್ರೆಗೆ ಹೋಗಿ.

ಕೊನೆಗೆ ದೂರು: ಔಷಧಿ ಸಿಗುತ್ತಿಲ್ಲ ಎಂದು ರಾಷ್ಟ್ರೀಯ ಔಷಧ ಬೆಲೆ ಪ್ರಾಧಿಕಾರಕ್ಕೆ ಆನ್‌ಲೈನ್‌ನಲ್ಲೇ ತಿಳಿಸಬಹುದು. 2015ರಲ್ಲಿ ಶುರುವಾದ ‘ಫಾರ್ಮಾ ಜನ ಸಮಾಧಾನ’ ಇರುವುದೇ ಇದಕ್ಕೆ. ಔಷಧಿಯ ಹೆಸರು, ಪ್ರಮಾಣ, ಕಂಪನಿ, ಕೇಳಿದ ಅಂಗಡಿ, ತಾರೀಖು ಬರೆದಿಟ್ಟುಕೊಂಡು ಕೂತರೆ ಕೆಲಸ ಬೇಗ ಮುಗಿಯುತ್ತದೆ.